ಒಂದು ಲೋಟ ನೀರಿನ ಲೆಕ್ಕ

(ದೀರ್ಘಕಾಲದ ರೋಗಿಗಳು ಹಾಗೂ ಅವರ ಆರೈಕೆಯಲ್ಲಿರುವ ಕುಟುಂಬಗಳಿಗಾಗಿ ಮೊಹಲ್ಲಾದ ಮದ್ರಸಾ ಸಭಾಂಗಣದಲ್ಲಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಅಬ್ಬಾಸೀ ಖಲೀಫ ಹಾರೂನ್ ರಶೀದ್ ಒಮ್ಮೆ ಕುಡಿಯಲು ನೀರು ತರಿಸಿಕೊಂಡರು. ಪಾತ್ರೆಯನ್ನು ತುಟಿಗೆ ತಾಗಿಸುವಷ್ಟರಲ್ಲಿ ಇಬ್ನು ಸಮ್ಮಾಕ್ ಎಂಬ ವಿರಕ್ತ ವಿದ್ವಾಂಸರು ಅವರನ್ನು ತಡೆದರು. ಈ ನೀರು ನಿಮಗೆ ದೊರೆಯದಂತಾದರೆ ಅದಕ್ಕಾಗಿ ಏನನ್ನು ಕೊಡಬಲ್ಲಿರಿ ಎಂದು ಕೇಳಿದರು. ಅರ್ಧ ಸಾಮ್ರಾಜ್ಯವನ್ನು ಎಂದರು ಖಲೀಫ. ಕುಡಿದ ನೀರು ದೇಹದಿಂದ ಹೊರಹೋಗದಂತಾದರೆ? ಆಗ ಇಡೀ ಸಾಮ್ರಾಜ್ಯವನ್ನೇ ಕೊಟ್ಟೇನು ಎಂದರು. ಒಂದು ಲೋಟ ನೀರು ಮತ್ತು ಅದರ ವಿಸರ್ಜನೆಗಿಂತ ಹೆಚ್ಚು ಬೆಲೆ ಬಾಳದ ಸಾಮ್ರಾಜ್ಯಕ್ಕೆ ಹಂಬಲಿಸುವುದರಲ್ಲಿ ಏನಿದೆ ಎಂದು ವಿದ್ವಾಂಸರು ಕೇಳಿದಾಗ ಖಲೀಫರು ಅತ್ತುಬಿಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ.

ಈ ಪ್ರಸಂಗವನ್ನು ನಾವು ಮದ್ರಸಾದಲ್ಲಿ ಓದಿದ್ದೆವು. ಐಹಿಕ ವ್ಯಾಮೋಹದ ನಿರರ್ಥಕತೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ಬಗೆದು ಹಲವು ವೇದಿಕೆಗಳಲ್ಲಿ ಹೇಳಿದ್ದೂ ಉಂಟು. ಜನರು ತಲೆದೂಗಿದ್ದಾರೆ, ನಾವು ಚಹಾ ಕುಡಿದು ಮನೆಗೆ ಹೋಗಿದ್ದೇವೆ. ಆ ಕತೆಯಲ್ಲಿರುವ ನೀರು ನಿಜವಾದ ನೀರು, ಆ ವಿಸರ್ಜನೆ ನಿಜವಾದ ವಿಸರ್ಜನೆ ಎಂಬುದು ನಮಗೆ ತಿಳಿದದ್ದು ನಮ್ಮ ತಂದೆಯವರ ಮೂತ್ರಪಿಂಡಗಳು ವಿಫಲವಾದ ಬಳಿಕವೇ.

ತಂದೆಯವರು ದರ್ಜಿಯಾಗಿದ್ದರು. ಹದಿನೆಂಟು ವರ್ಷಗಳ ಮಧುಮೇಹ ಅವರ ಮೂತ್ರಪಿಂಡಗಳನ್ನು ಸದ್ದಿಲ್ಲದೆ ತಿಂದು ಹಾಕಿತ್ತು. ಕಾಲು ಊದಿಕೊಂಡಿತು, ಊಟ ಸೇರದಾಯಿತು, ರಾತ್ರಿ ಮಲಗಿದರೆ ಉಸಿರು ಕಟ್ಟುವಂತಾಯಿತು. ವೈದ್ಯರು ಡಯಾಲಿಸಿಸ್ ಎಂಬ ಪದವನ್ನು ಉಚ್ಚರಿಸಿದ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅಲ್ಲಿಂದ ಮುಂದೆ ಆರು ವರ್ಷಗಳ ಕಾಲ ಅವರು ಬದುಕಿದರು. ಆ ಆರು ವರ್ಷಗಳಲ್ಲಿ ಕಂಡದ್ದನ್ನು, ಮುಖ್ಯವಾಗಿ ನಾವು ಮಾಡಿದ ತಪ್ಪುಗಳನ್ನು, ನಿಮ್ಮ ಮುಂದಿಡಬೇಕೆಂಬುದೇ ಈ ಮಾತಿನ ಉದ್ದೇಶ.

ಈ ಕಾಯಿಲೆಯನ್ನು ಬಲ್ಲವರು ಈ ಸಭೆಯಲ್ಲಿ ಹಲವರಿದ್ದೀರಿ. ಉಳಿದವರಿಗಾಗಿ ಸ್ವಲ್ಪ ವಿವರಿಸಬೇಕಾಗಿದೆ. ಆರೋಗ್ಯವಂತನ ಎರಡು ಮೂತ್ರಪಿಂಡಗಳಲ್ಲಿ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಗಳಿವೆ. ಅವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ದೇಹಕ್ಕೇ ಹಿಂದಿರುಗಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಹೊರಗೆ ಕಳುಹಿಸುತ್ತವೆ. ನಾವು ಮಲಗಿರುವಾಗಲೂ, ಜಗಳವಾಡುತ್ತಿರುವಾಗಲೂ, ಅಲ್ಲಾಹನನ್ನು ಮರೆತಿರುವಾಗಲೂ ಈ ಕೆಲಸ ನಡೆಯುತ್ತಿರುತ್ತದೆ. ಅದು ನಿಂತಾಗ ಯಂತ್ರವೊಂದು ಅದರ ಸ್ಥಾನಕ್ಕೆ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಒಂದೊಂದು ಬಾರಿಯೂ ನಾಲ್ಕು ತಾಸು, ರೋಗಿಯು ಕುರ್ಚಿ ಅಥವಾ ಮಂಚದಲ್ಲಿ ಮಲಗಬೇಕು. ತೋಳಿನಲ್ಲಿ ಎರಡು ದಪ್ಪ ಸೂಜಿಗಳು. ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಅಷ್ಟು ಮಾಡಿಯೂ ಯಂತ್ರವು ಮೂತ್ರಪಿಂಡದ ಕೆಲಸದ ಒಂದು ಪಾಲನ್ನಷ್ಟೇ ಮಾಡಬಲ್ಲದು.

ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಯಂತ್ರ ಅದನ್ನು ಹೀರುತ್ತಿರುತ್ತದೆ. ಅದರ ಪಕ್ಕದಲ್ಲಿ ಮಲಗಿರುವ, ಮೂತ್ರ ನಿಂತುಹೋದ ಮನುಷ್ಯನಿಗೆ ದಿನಕ್ಕೆ ಒಂದು ಲೀಟರಿನೊಳಗೆ ಎಲ್ಲವೂ ಮುಗಿಯಬೇಕು. ಅದರಲ್ಲಿ ಚಹಾ ಸೇರಿತು, ಸಾರು ಸೇರಿತು, ಮಾತ್ರೆ ನುಂಗುವ ಗುಟುಕು ಸೇರಿತು. ನಮ್ಮ ಕರಾವಳಿಯ ಬೇಸಿಗೆಯಲ್ಲಿ ಅಂಗಡಿ ಅಂಗಡಿಯ ಮುಂದೆ ಎಳನೀರು ರಾಶಿ ಬಿದ್ದಿರುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಇವರ ಹೃದಯವನ್ನು ನಿಲ್ಲಿಸಬಲ್ಲದು. ಬಾಳೆಹಣ್ಣಿನದೂ ಖರ್ಜೂರದದೂ ಅದೇ ಭಯ. ಹಜ್ಜ್ ನಿರ್ವಹಿಸಿ ಬಂದ ನೆರೆಯವರು ಪ್ರೀತಿಯಿಂದ ಬಾಟಲಿ ತುಂಬ ಝಮ್‌ಝಮ್ ತಂದುಕೊಟ್ಟಾಗ ತಂದೆಯವರು ಅದನ್ನು ಔಷಧದ ಮುಚ್ಚಳದಲ್ಲಿ ಅಳೆದು ಕುಡಿದರು. ನಾವದನ್ನು ನೋಡಿದ್ದೇವೆ.

ಮೊದಲ ವರ್ಷ ನಾವು ಅವರಿಗೆ ಉಪದೇಶ ಮಾಡಿದೆವು. ನಮ್ಮ ವಿದ್ಯೆಯೆಲ್ಲ ಅದಕ್ಕೇ ಇರುವುದು ತಾನೇ? ಅಯ್ಯೂಬ್(ಅ)ರ ಸಹನೆಯ ಕುರಿತು ಹೇಳಿದೆವು. ಕಾಯಿಲೆಯು ಪಾಪಗಳನ್ನು ತೊಳೆಯುತ್ತದೆಂಬ ಹದೀಸ್‌ಗಳನ್ನು ಹೇಳಿದೆವು. ಸತ್ಯವಿಶ್ವಾಸಿಯು ಸುಖದಲ್ಲಿ ಕೃತಜ್ಞನಾಗಿಯೂ ಕಷ್ಟದಲ್ಲಿ ಸಹನಶೀಲನಾಗಿಯೂ ಇರುವುದರಿಂದ ಅವನ ಎಲ್ಲ ಸ್ಥಿತಿಯೂ ಒಳಿತೇ ಎಂದು ಪ್ರವಾದಿ(ಸ)ರು ತಿಳಿಸಿದ್ದನ್ನು ವಿವರಿಸಿದೆವು. ಅವರು ಶಾಂತವಾಗಿ ಕೇಳಿದರು. ಕೊನೆಗೆ ಇಷ್ಟೇ ಹೇಳಿದರು: "ನೀನು ಹೇಳಿದ್ದೆಲ್ಲ ಸರಿಯೇ. ಆದರೆ ನೀನು ನೀರು ಕುಡಿದು ಬಂದು ಹೇಳುತ್ತಿದ್ದೀಯಾ."

ಸಹೋದರರೇ, ಆ ಮಾತು ನಮ್ಮನ್ನು ಚುಚ್ಚಿತು ಎಂದರೆ ಕಡಿಮೆಯಾಗುತ್ತದೆ. ನಾವು ಹೇಳಿದ ಒಂದು ಹದೀಸ್ ಕೂಡಾ ಸುಳ್ಳಾಗಿರಲಿಲ್ಲ. ಆದರೂ ನಮ್ಮ ಮಾತಿನಲ್ಲಿ ಏನೋ ಸುಳ್ಳಿತ್ತು. ಅದೇನೆಂದು ತಿಳಿಯಲು ನಾವು ಕಲಿತ ಗ್ರಂಥಗಳನ್ನೇ ಮತ್ತೆ ತೆರೆಯಬೇಕಾಯಿತು.

ಅಯ್ಯೂಬ್(ಅ)ರ ಪ್ರಸಂಗವನ್ನೇ ನೋಡಿ. ಸಹನೆ ಎಂದರೆ ತುಟಿ ಬಿಚ್ಚದಿರುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಪವಿತ್ರ ಕುರ್‌ಆನ್ ಅಯ್ಯೂಬ್(ಅ)ರನ್ನು ನಮಗೆ ಪರಿಚಯಿಸುವುದೇ ಅವರು ತಮ್ಮ ಪ್ರಭುವನ್ನು ಕೂಗಿ ಕರೆದ ಕ್ಷಣದಲ್ಲಿ. ತನಗೆ ಸಂಕಟ ತಟ್ಟಿದೆಯೆಂದು ಅವರು ಬಾಯಿಬಿಟ್ಟು ಹೇಳಿದರು. ಅಲ್ಲಾಹನು ಕರುಣಾಳುಗಳಲ್ಲೆಲ್ಲ ಪರಮ ಕರುಣಾಳು ಎಂದೂ ಹೇಳಿದರು. ಅಷ್ಟನ್ನು ಹೇಳಿಯೂ 'ಸ್ವಾದ್' ಅಧ್ಯಾಯದಲ್ಲಿ ಅಲ್ಲಾಹನು ಅವರನ್ನು ಸಹನಶೀಲರೆಂದೇ ಪ್ರಶಂಸಿಸಿದ್ದಾನೆ. ಯೂಸುಫ್(ಅ)ರ ಅಗಲಿಕೆಯಿಂದ ಬೆಂದ ಯಾಕೂಬ್(ಅ)ರ ಕಣ್ಣುಗಳು ಅತ್ತು ಬೆಳ್ಳಗಾದವು. ತನ್ನ ದುಃಖವನ್ನು ಅಲ್ಲಾಹನೊಡನೆ ತೋಡಿಕೊಳ್ಳುತ್ತೇನೆಂದು ಅವರು ಮಕ್ಕಳಿಗೆ ಉತ್ತರಿಸಿದರು. ಅಲ್ಲಾಹನ ಬಳಿ ದೂರುವುದು ಬೇರೆ, ಅಲ್ಲಾಹನ ವಿರುದ್ಧ ದೂರುವುದು ಬೇರೆ. ಈ ಅಂತರವನ್ನು ಮರೆತು, ನರಳಿದ ರೋಗಿಯನ್ನು ನಾವು ಗದರಿಸುತ್ತೇವೆ. "ಹಾಗೆಲ್ಲ ಹೇಳಬಾರದು, ಶುಕ್ರ್ ಹೇಳಿ" ಎನ್ನುತ್ತೇವೆ. ಅಯ್ಯೂಬ್(ಅ)ರಿಗೆ ಕೊನೆಗೆ ದೊರೆತದ್ದೇನು ಎಂಬುದನ್ನೂ ಗಮನಿಸಿ. ಸ್ನಾನಕ್ಕೂ ಕುಡಿಯಲಿಕ್ಕೂ ತಣ್ಣನೆಯ ನೀರು! ನೂರಾರು ಬಾರಿ ಓದಿದ್ದ ಆ ಸೂಕ್ತದಲ್ಲಿನ ನೀರು ನಮ್ಮ ಕಣ್ಣಿಗೆ ಬಿದ್ದದ್ದು ಡಯಾಲಿಸಿಸ್ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಓದುವಾಗ.

ಅಯ್ಯೂಬ್(ಅ)ರ ಹೆಸರನ್ನು ತನ್ನ ಕಾಯಿಲೆಯ ಹಾಸಿಗೆಗೆ ಕರೆಸಿಕೊಂಡ ಕವಿಯೊಬ್ಬನಿದ್ದ. ಇರಾಕಿನ ಬಸ್ರಾ ಸಮೀಪದ ಜೈಕೂರ್ ಎಂಬ ಹಳ್ಳಿಯಲ್ಲಿ 1926ರಲ್ಲಿ ಜನಿಸಿದ ಬದ್ರ್ ಶಾಕಿರ್ ಸಯ್ಯಾಬ್. ಆಧುನಿಕ ಅರಬಿ ಕಾವ್ಯವನ್ನು ಬದಲಿಸಿದವರಲ್ಲಿ ಪ್ರಮುಖನಾದ ಆತ ಒಂದು ಕಾಲಕ್ಕೆ ಕಮ್ಯುನಿಸ್ಟನೂ ಆಗಿದ್ದ. ನರಗಳ ಕಾಯಿಲೆಯಿಂದ ಕಾಲುಗಳು ಬಲಗುಂದತೊಡಗಿದಾಗ ಚಿಕಿತ್ಸೆಗೆಂದು ಹೋಗಿದ್ದ ಲಂಡನ್ನಿನಲ್ಲಿ 'ಸಿಫ್ರು ಅಯ್ಯೂಬ್' ಎಂಬ ಕವಿತೆಯನ್ನು ಬರೆದ. ಅದರ ಆರಂಭ ದೇವಸ್ತುತಿಯಿಂದಲೇ. ಆದರೆ ಸ್ತುತಿಯಲ್ಲಿಯೇ ಅದು ನಿಲ್ಲುವುದಿಲ್ಲ. ಪರದೇಶದ ಚಳಿ, ಒಂಟಿತನ, ಊರಿನ ಹಂಬಲ, ಮನೆಯವರ ನೆನಪು ಎಲ್ಲವೂ ಅದರಲ್ಲಿ ಉಕ್ಕಿ ಬರುತ್ತವೆ. ಆತನಿಗೆ ಗುಣವಾಗಲಿಲ್ಲ. 1964ರಲ್ಲಿ, ನಲವತ್ತು ತುಂಬುವ ಮೊದಲೇ, ಕುವೈತಿನ ಆಸ್ಪತ್ರೆಯೊಂದರಲ್ಲಿ ಮರಣ ಹೊಂದಿದ. ಕೃತಜ್ಞತೆ ಮತ್ತು ನರಳಾಟ ಒಂದೇ ಎದೆಯಲ್ಲಿ ಒಟ್ಟಿಗಿರಬಲ್ಲವು ಎಂಬುದಕ್ಕೆ ಆ ಕವಿತೆ ಸಾಕ್ಷಿ. ಕಾಲೇಜಿನಲ್ಲಿ ಸಾಹಿತ್ಯದ ವಿದ್ಯಾರ್ಥಿಯಾಗಿ ಅದನ್ನು ಓದಿದಾಗ ಛಂದಸ್ಸಿನ ಕುರಿತು ಮಾತ್ರ ಯೋಚಿಸಿದ್ದೆವು. ಅದು ನಮ್ಮ ಪ್ರಾಯದ ದೋಷವಿರಬಹುದು.

ಇನ್ನು ಇಮಾಮ್ ಗಝ್ಝಾಲಿಯವರು. 'ಇಹ್ಯಾ'ದಲ್ಲಿ ಅವರು ಸಹನೆ ಮತ್ತು ಕೃತಜ್ಞತೆಗಳನ್ನು ಒಂದೇ ಅಧ್ಯಾಯದಲ್ಲಿ ಜೋಡಿಸಿದ್ದಾರೆ. ಪ್ರತಿಯೊಂದು ವಿಪತ್ತಿನಲ್ಲಿಯೂ ಕೃತಜ್ಞತೆಗೆ ಕಾರಣಗಳಿವೆ. ಅದು ಇದಕ್ಕಿಂತ ದೊಡ್ಡದಾಗಬಹುದಿತ್ತು, ಅದು ನಮ್ಮ ಧರ್ಮಕ್ಕೆ ತಟ್ಟಿಲ್ಲ ಎಂಬಂತಹ ಕಾರಣಗಳನ್ನು ಅವರು ವಿವರಿಸುತ್ತಾರೆ. ಈ ಭಾಗವನ್ನು ಬಹುತೇಕ ಭಾಷಣಕಾರರು ಬಳಸುತ್ತಾರೆ. ಆದರೆ ಬರೆದವರು ಯಾರು? 1095ರಲ್ಲಿ ಬಗ್ದಾದಿನ ನಿಝಾಮಿಯಾದಲ್ಲಿ ನೂರಾರು ವಿದ್ಯಾರ್ಥಿಗಳ ಮುಂದೆ ಕುಳಿತಿದ್ದಾಗ ನಾಲಗೆ ಕಟ್ಟಿಹೋಗಿ ಒಂದು ಪದವನ್ನೂ ಉಚ್ಚರಿಸಲಾಗದೆ ಹೋದವರು. ಅನ್ನ ಜೀರ್ಣವಾಗದೆ ದೇಹ ಕೃಶವಾದಾಗ ವೈದ್ಯರು ಕೈಚೆಲ್ಲಿದರೆಂದು, ಇದು ಹೃದಯಕ್ಕೆ ತಗಲಿ ದೇಹಕ್ಕೆ ಇಳಿದ ವ್ಯಾಧಿ ಎಂದರೆಂದು ಅವರೇ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಹುದ್ದೆಯನ್ನೂ ಕೀರ್ತಿಯನ್ನೂ ಬಿಟ್ಟು ಬಗ್ದಾದಿನಿಂದ ಹೊರಟ ಮೇಲೆ ಬಂದ ಗ್ರಂಥ 'ಇಹ್ಯಾ'. ಅವರು ನೀರು ಕುಡಿದು ಬಂದು ಹೇಳಿದವರಲ್ಲ.

ಪ್ರವಾದಿ(ಸ)ರ ಬಳಿಗೆ ಅಪಸ್ಮಾರದಿಂದ ಬಳಲುತ್ತಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರು ಬಂದ ಪ್ರಸಂಗವು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ, ತನಗಾಗಿ ಪ್ರಾರ್ಥಿಸಬೇಕು ಎಂದು ಆಕೆ ಕೇಳಿಕೊಂಡರು. ಬಯಸಿದರೆ ಸಹಿಸಿಕೊಳ್ಳಬಹುದು, ಆಗ ಸ್ವರ್ಗವಿದೆ. ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುವೆ ಎಂದು ಪ್ರವಾದಿ(ಸ)ರು ಎರಡು ದಾರಿಗಳನ್ನು ಆಕೆಯ ಮುಂದಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಬಟ್ಟೆ ಸರಿಯದಿರಲೆಂದು ಪ್ರಾರ್ಥಿಸುವಂತೆ ಕೋರಿದರು. ಪ್ರವಾದಿ(ಸ)ರು ಪ್ರಾರ್ಥಿಸಿದರು.

ಇಲ್ಲಿ ನಮ್ಮ ವಿದ್ವಾಂಸರು ಸ್ವರ್ಗದ ಕುರಿತು ಹೇಳಿ ಮುಂದಕ್ಕೆ ಹೋಗುತ್ತಾರೆ. ನಮಗೆ ಇನ್ನೆರಡು ವಿಷಯಗಳು ಮುಖ್ಯವೆನಿಸುತ್ತವೆ. ಸಹನೆಯನ್ನು ಆಕೆಯ ಮೇಲೆ ಹೇರಲಾಗಲಿಲ್ಲ; ಆಯ್ಕೆ ಆಕೆಯದಾಗಿತ್ತು. ಜನರ ಮುಂದೆ ಮಾನ ಹೋಗುವ ಸಂಕಟವನ್ನು ಸಹಿಸಿಕೋ ಎಂದು ಯಾರೂ ಹೇಳಲಿಲ್ಲ. ಕಾಯಿಲೆಯನ್ನು ಆಕೆ ಒಪ್ಪಿಕೊಂಡರು, ಅವಮಾನವನ್ನು ಒಪ್ಪಿಕೊಳ್ಳಲಿಲ್ಲ. ಪ್ರವಾದಿ(ಸ)ರು ಅದನ್ನು ಸರಿಯೆಂದೇ ಮನ್ನಿಸಿದರು. ನಮ್ಮ ಮನೆಗಳಲ್ಲಿ ಹಾಗಿದೆಯೇ? ಮಗಳಿಗೆ ಅಪಸ್ಮಾರವಿದ್ದರೆ ಮದುವೆ ಮಾರುಕಟ್ಟೆಯ ಭಯದಿಂದ ಮಾತ್ರೆಯನ್ನು ಅಡಗಿಸಿಡುತ್ತೇವೆ. ಸೊಸೆಗೆ ಸಂಧಿವಾತವಿದ್ದರೆ ಅದನ್ನು ಸೋಮಾರಿತನವೆನ್ನುತ್ತೇವೆ. ಅನಂತರ ಸಹನೆಯ ಪುಸ್ತಕವೊಂದನ್ನು ಉಡುಗೊರೆಯಾಗಿ ಕೊಡುತ್ತೇವೆ.

ಈಗ ಉಪವಾಸದ ವಿಷಯಕ್ಕೆ ಬರಬೇಕು. ನಮ್ಮ ದೊಡ್ಡ ತಪ್ಪು ಅಲ್ಲಿದೆ.

ರೋಗಿಗೆ ರಮಝಾನ್‌ನ ಉಪವಾಸದಿಂದ ವಿನಾಯಿತಿ ಇರುವುದು ಯಾವುದೋ ಉದಾರವಾದಿ ಮುಫ್ತಿಯ ಫತ್ವಾದಿಂದಲ್ಲ. ಉಪವಾಸವನ್ನು ಕಡ್ಡಾಯಗೊಳಿಸಿದ ಸೂಕ್ತಗಳ ಜೊತೆಯಲ್ಲಿಯೇ, ಅಲ್ ಬಕರಾ ಅಧ್ಯಾಯದ 184 ಮತ್ತು 185ರಲ್ಲಿ, ಅದು ಬಂದಿದೆ. ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಆಶಯವೂ ಅಲ್ಲಿಯೇ ಇದೆ. ಆದರೂ ತಂದೆಯವರು ಮೊದಲ ರಮಝಾನ್‌ನಲ್ಲಿ ಹಟ ಹಿಡಿದರು. ನಲವತ್ತು ವರ್ಷ ಬಿಡದೆ ಹಿಡಿದ ಉಪವಾಸ. ನಾವು ತಡೆಯಬೇಕಾಗಿತ್ತು, ತಡೆಯಲಿಲ್ಲ. ಸತ್ಯ ಹೇಳುವುದಾದರೆ, ನಮಗೆ ಹೆಮ್ಮೆಯೇ ಆಗಿತ್ತು. "ಡಯಾಲಿಸಿಸ್ ಮಾಡಿಸಿಕೊಂಡೂ ಉಪವಾಸ ಹಿಡಿಯುತ್ತಾರಂತೆ" ಎಂದು ಮಸೀದಿಯಲ್ಲಿ ಜನ ಮಾತನಾಡಿಕೊಂಡದ್ದು ನಮ್ಮ ಕಿವಿಗೆ ಇಂಪಾಗಿತ್ತು. ಏಳನೆಯ ದಿನ ಅಸ್ರ್ ನಂತರ ಸಕ್ಕರೆಯ ಅಂಶ ಕುಸಿದು ಹೊಲಿಗೆ ಯಂತ್ರದ ಮೇಲೆಯೇ ಕುಸಿದರು. ಅಲ್ಲಾಹನ ದಯೆಯಿಂದ ಅಂದು ಉಳಿದರು.

ಪ್ರವಾದಿ(ಸ)ರ ಕಾಲದಲ್ಲಿ ಪ್ರಯಾಣವೊಂದರಲ್ಲಿ ತಲೆಗೆ ಕಲ್ಲು ತಾಗಿ ಗಾಯಗೊಂಡಿದ್ದ ವ್ಯಕ್ತಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಸಂಗಡಿಗರನ್ನು ಕೇಳಿದರು. ನೀರು ಸಿಗುವಾಗ ನಿನಗೆ ವಿನಾಯಿತಿ ಕಾಣುವುದಿಲ್ಲ ಎಂದರು ಅವರು. ಆತ ಸ್ನಾನ ಮಾಡಿ ಮರಣ ಹೊಂದಿದರು. ಸುದ್ದಿ ತಿಳಿದಾಗ ಪ್ರವಾದಿ(ಸ)ರು, ಅವರೇ ಆತನನ್ನು ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂದು ಕಟುವಾಗಿ ನುಡಿದರು. ಅಬೂ ದಾವೂದ್‌ನಲ್ಲಿರುವ ಈ ವರದಿಯನ್ನು ನಾವು ತಯಮ್ಮುಮ್‌ನ ಪಾಠದಲ್ಲಿ ಬಾಯಿಪಾಠ ಮಾಡಿದ್ದೆವು. ಅದು ನಮ್ಮ ಕುರಿತೇ ಇದೆಯೆಂದು ತಿಳಿದದ್ದು ಆ ಏಳನೆಯ ದಿನ.

ಇದು ನಮ್ಮ ಮನೆಯೊಂದರ ಕತೆಯಲ್ಲ. 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮಧುಮೇಹಿ ಮುಸ್ಲಿಮರ ಕುರಿತು ನಡೆದು 2004ರಲ್ಲಿ ಪ್ರಕಟವಾದ 'ಎಪಿಡಿಯಾರ್' ಅಧ್ಯಯನದಲ್ಲಿ, ಟೈಪ್-2 ಮಧುಮೇಹಿಗಳಲ್ಲಿ ಸುಮಾರು 79 ಶೇಕಡಾ ಮತ್ತು ಇನ್ಸುಲಿನ್ನನ್ನೇ ಅವಲಂಬಿಸಿರುವ ಟೈಪ್-1 ರೋಗಿಗಳಲ್ಲಿ ಸುಮಾರು 43 ಶೇಕಡಾ ಮಂದಿ ರಮಝಾನ್‌ನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರೆಂದು ಕಂಡುಬಂತು. ಸಕ್ಕರೆ ತೀವ್ರವಾಗಿ ಕುಸಿಯುವ ಘಟನೆಗಳು ಆ ತಿಂಗಳಲ್ಲಿ ಹಲವು ಪಟ್ಟು ಏರಿದ್ದವು. ಎಲ್ಲ ಮಧುಮೇಹಿಗಳೂ ಉಪವಾಸ ಬಿಡಬೇಕೆಂದು ನಾವು ಹೇಳುತ್ತಿಲ್ಲ. ವೈದ್ಯರ ಸಲಹೆಯಂತೆ ಔಷಧಿಯ ಹೊತ್ತು, ಪ್ರಮಾಣಗಳನ್ನು ಬದಲಿಸಿ ಸುರಕ್ಷಿತವಾಗಿ ಹಿಡಿಯುವವರು ಬಹಳ ಮಂದಿ ಇದ್ದಾರೆ. ರಮಝಾನ್ ಬರುವ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ. ಅವರು ಬೇಡವೆಂದರೆ, ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ಕೈನೀಡಿ ಸ್ವೀಕರಿಸಿ. ಕೊಟ್ಟದ್ದನ್ನು ಸ್ವೀಕರಿಸುವುದೂ ಕೃತಜ್ಞತೆಯೇ ಅಲ್ಲವೇ? ಗುಣವಾಗುವ ನಿರೀಕ್ಷೆಯಿಲ್ಲದ ರೋಗಿಯು ದಿನಕ್ಕೊಬ್ಬ ಬಡವನಿಗೆ ಊಟ ಕೊಡಬೇಕೆಂಬ ವ್ಯವಸ್ಥೆಯೂ ಇದೆ. ಎರಡನೆಯ ರಮಝಾನ್‌ನಿಂದ ನಮ್ಮ ಮನೆಯಿಂದ ಆ ಊಟ ಹೋಗತೊಡಗಿತು. ತಂದೆಯವರು ಮೊದಲ ಕೆಲವು ದಿನ ಅಡುಗೆಮನೆಯಲ್ಲಿ ಕದ್ದು ತಿನ್ನುವವರಂತೆ ತಿಂದರು. ಅಷ್ಟು ಆಳವಾಗಿತ್ತು ಆ ನಾಚಿಕೆ. ಒಬ್ಬ ರೋಗಿಯು ಸೇವಕನಾಗಿ ಆರೋಗ್ಯದ ದಿನಗಳಲ್ಲಿ ಮಾಡುತ್ತಿದ್ದ ಸತ್ಕರ್ಮಗಳು ಕಾಯಿಲೆಯ ದಿನಗಳಲ್ಲಿಯೂ ಅವನ ಲೆಕ್ಕಕ್ಕೆ ಬರೆಯಲ್ಪಡುತ್ತವೆಂಬ ಬುಖಾರಿಯ ಹದೀಸ್ ಅವರಿಗೆ ನಿಜವಾಗಿ ಸಮಾಧಾನ ಕೊಟ್ಟ ಏಕೈಕ ಮಾತು. ಅದನ್ನು ಅವರು ನಮ್ಮಿಂದ ಮೂರು ಬಾರಿ ಹೇಳಿಸಿಕೊಂಡರು.

ನಮಾಝ್‌ನಲ್ಲಿ ಈ ತೊಡಕು ಅಷ್ಟಾಗಿ ಬರಲಿಲ್ಲ. ಕಾಯಿಲೆಯಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ)ರು ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡಲು ಹೇಳಿದ್ದು ಎಲ್ಲರಿಗೂ ತಿಳಿದಿದೆ. ಸೂಜಿ ಚುಚ್ಚಿದ ತೋಳನ್ನು ಅಲುಗಿಸದೆ, ಕಣ್ಣಿನ ಸನ್ನೆಯಲ್ಲಿ ಝುಹ್ರ್ ಮಾಡುತ್ತಿದ್ದ ತಂದೆಯವರನ್ನು ಕಂಡು ಪಕ್ಕದ ಹಾಸಿಗೆಯ ಹಿಂದೂ ಸಹೋದರರೊಬ್ಬರು ಅಷ್ಟು ಹೊತ್ತು ತಮ್ಮ ಫೋನಿನ ಹಾಡನ್ನು ನಿಲ್ಲಿಸುತ್ತಿದ್ದರು. ಯಾರೂ ಕೇಳಿರಲಿಲ್ಲ. ಇವರ ನಮಾಝ್ ಮುಗಿದೊಡನೆ ಮತ್ತೆ ಹಚ್ಚುತ್ತಿದ್ದರು, ಸ್ವಲ್ಪ ಜೋರಾಗಿಯೇ. ಕೋಮು ಕೋಮುಗಳ ನಡುವೆ ಗೋಡೆ ಕಟ್ಟುವವರು ಒಂದು ದಿನ ಆ ಕೊಠಡಿಯಲ್ಲಿ ನಾಲ್ಕು ತಾಸು ಕುಳಿತುಕೊಳ್ಳಲಿ. ಎಲ್ಲರ ರಕ್ತವೂ ಒಂದೇ ಬಗೆಯ ಕೊಳವೆಯಲ್ಲಿ ಹರಿಯುವುದನ್ನು ಕಣ್ಣಾರೆ ಕಾಣಬಹುದು.

ಹಾಗಾದರೆ ಕೃತಜ್ಞತೆ? ಅದು ಬಂತೇ ಎಂದು ನೀವು ಕೇಳಬಹುದು. ಬಂತು. ಆದರೆ ನಮ್ಮ ಉಪದೇಶದಿಂದ ಬರಲಿಲ್ಲ.

ತಂದೆಯವರ ಬಳಿ ಗ್ರಾಹಕರ ಅಳತೆ ಬರೆದಿಡುವ ಉದ್ದನೆಯ ಪುಸ್ತಕವಿತ್ತು. ಅಂಗಡಿ ಮುಚ್ಚಿದ ಮೇಲೆ ಅದರ ಖಾಲಿ ಹಾಳೆಗಳಲ್ಲಿ ಅವರು ನೀರಿನ ಲೆಕ್ಕ ಬರೆಯತೊಡಗಿದರು. ಬೆಳಗ್ಗೆ ಚಹಾ 100, ಮಾತ್ರೆಗೆ 50, ಗಂಜಿ 150. ಎದೆ, ಸೊಂಟ, ತೋಳು ಎಂದು ಅಚ್ಚಾಗಿದ್ದ ಅಂಕಣಗಳಲ್ಲಿಯೇ. ಕೆಲವು ತಿಂಗಳುಗಳ ಬಳಿಕ ಅಂಚಿನಲ್ಲಿ ಬೇರೆ ಸಂಗತಿಗಳು ಕಾಣಿಸಿಕೊಂಡವು. 'ನಿದ್ದೆ 4 ತಾಸು, ಎಚ್ಚರವಿಲ್ಲ.' 'ತುರಿಕೆ ಇಲ್ಲ.' 'ಫಜ್ರ್ ನಿಂತು.' 'ಸೂಜಿ ಒಂದೇ ಸಲಕ್ಕೆ, ಹೊಸ ಹುಡುಗಿ, ಒಳ್ಳೆಯ ಕೈ.' 'ಮಂಜುಗಡ್ಡೆ ಒಂದು ತುಂಡು, ಬಹಳ ಹೊತ್ತು ಉಳಿಯಿತು.' ಇದು ಶುಕ್ರ್‌ನ ಪಟ್ಟಿಯೆಂದು ಅವರು ಎಂದೂ ಹೇಳಲಿಲ್ಲ. ಕೇಳಿದ್ದರೆ ವೈದ್ಯರಿಗೆ ತೋರಿಸಲಿಕ್ಕೆ ಎನ್ನುತ್ತಿದ್ದರೇನೋ. ಅಲ್ಲಾಹನ ಅನುಗ್ರಹಗಳನ್ನು ಎಣಿಸಿ ಮುಗಿಸಲಾರಿರಿ ಎಂಬ ಅರ್ಥದ ಕುರ್‌ಆನ್ ವಚನವಿದೆಯಲ್ಲವೇ? ಆರೋಗ್ಯವಂತರಾದ ನಮಗೆ ಅದು ಎಣಿಸದಿರಲು ನೆಪವಾಗಿದೆ. ಅವರು ಮಿಲಿಲೀಟರ್ ಲೆಕ್ಕದಲ್ಲಿ ಎಣಿಸಲು ಆರಂಭಿಸಿದ್ದರು. ಎಲ್ಲ ದಿನವೂ ಹಾಗಿರಲಿಲ್ಲ. 'ಇಂದು ಏನೂ ಬೇಡ' ಎಂದಷ್ಟೇ ಬರೆದ ಪುಟಗಳೂ ಇವೆ. ಒಂದು ಪುಟದಲ್ಲಿ ಪೆನ್ನಿನಿಂದ ಗೀಚಿ ಹಾಳೆ ಹರಿದಿದೆ. ಆ ಹರಿದ ಪುಟವನ್ನು ಬದಿಗಿಟ್ಟು ಉಳಿದವನ್ನು ಮಾತ್ರ ನಿಮಗೆ ತೋರಿಸಿದರೆ ಅವರಿಗೆ ನಾವು ಮತ್ತೊಮ್ಮೆ ದ್ರೋಹ ಬಗೆದಂತೆ.

ಆ ಪುಸ್ತಕದಲ್ಲಿ ಹಣದ ಲೆಕ್ಕವೂ ಇದೆ, ಅದರ ಕುರಿತು ಮೌನವಾಗಿರುವುದು ಸರಿಯಲ್ಲ. ವಾರಕ್ಕೆ ಮೂರು ಎಂದರೆ ವರ್ಷಕ್ಕೆ 156 ಬಾರಿ. ಖರ್ಚು ಭರಿಸಲಾಗದೆ ಮೂರನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಇಳಿಸುವವರು ನಮ್ಮ ಪಟ್ಟಣಗಳಲ್ಲಿದ್ದಾರೆ. ಒಂದಕ್ಕೆ ಇಳಿದವರು ಬಹುಕಾಲ ಉಳಿಯುವುದಿಲ್ಲ. 2016ರಲ್ಲಿ ಕೇಂದ್ರ ಸರಕಾರವು ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ನೀಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಘೋಷಿಸಿತು. ಘೋಷಣೆಗೂ ಹಾಸಿಗೆಗೂ ನಡುವೆ ಎಷ್ಟು ದೂರವಿದೆಯೆಂದು ಸರದಿಗಾಗಿ ಕಾದವರನ್ನು ಕೇಳಬೇಕು. ಯಂತ್ರ ಕೆಟ್ಟಿದ್ದರೆ, ತಂತ್ರಜ್ಞರಿಲ್ಲದಿದ್ದರೆ, ಶಾಸಕರನ್ನು ಕೇಳಿ, ಅರ್ಜಿ ಹಾಕಿ. ಇದು ಭಿಕ್ಷೆಯಲ್ಲ, ಪೌರನ ಹಕ್ಕು. ಹಕ್ಕು ಕೇಳುವುದರಿಂದ ತವಕ್ಕುಲ್‌ಗೆ ಭಂಗ ಬರುವುದಿಲ್ಲ. ಹಾಗೆಯೇ ನಮ್ಮನ್ನು ನಾವೂ ಕೇಳಿಕೊಳ್ಳೋಣ. ಮದುವೆಯೊಂದರಲ್ಲಿ ಎಸೆಯಲ್ಪಡುವ ಬಿರಿಯಾನಿಯ ಖರ್ಚಿನಲ್ಲಿ ಎಷ್ಟು ಸಲದ ಡಯಾಲಿಸಿಸ್ ಆಗಬಹುದು? ಮಿನಾರದ ಮೇಲೆ ಮತ್ತೊಂದು ಸಾಲು ದೀಪ ಬೇಕೇ? ಝಕಾತನ್ನು ಐವತ್ತು, ನೂರು ರೂಪಾಯಿಗಳಾಗಿ ಚಿಲ್ಲರೆ ಹಂಚಿ ಕೈತೊಳೆಯುವ ಬದಲು ಮೊಹಲ್ಲಾದ ಇಬ್ಬರು ರೋಗಿಗಳ ವರ್ಷದ ಭಾರವನ್ನು ಹೊರುವಂತೆ ಸಂಘಟಿಸಬಾರದೇ?

ಮೂತ್ರಪಿಂಡ ದಾನದ ಕುರಿತು ಪ್ರಶ್ನೆಯೊಂದು ಚೀಟಿಯಲ್ಲಿ ಬಂದಿದೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರಲ್ಲಿಯೇ ಷರತ್ತುಗಳೊಂದಿಗೆ ಇದನ್ನು ಅನುಮತಿಸಿದೆ. ಭಿನ್ನಾಭಿಪ್ರಾಯವುಳ್ಳ ವಿದ್ವಾಂಸರೂ ಇದ್ದಾರೆ. ನಾವು ಹೇಳಬಯಸುವುದು ಬೇರೆ. ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ನೀಡುವವರಲ್ಲಿ ಬಹುಸಂಖ್ಯಾತರು ಮಹಿಳೆಯರು, ಪಡೆಯುವವರಲ್ಲಿ ಬಹುಸಂಖ್ಯಾತರು ಪುರುಷರು. ತಾಯಿ ಕೊಡುತ್ತಾಳೆ, ಪತ್ನಿ ಕೊಡುತ್ತಾಳೆ. ಅವಳಿಗೆ ಬೇಕಾದಾಗ ಎಷ್ಟು ಮಂದಿ ಗಂಡಸರು ತಪಾಸಣೆಗೆ ಮುಂದೆ ಬರುತ್ತಾರೆ? ನಮ್ಮ ತಾಯಿಯವರೂ ಮುಂದೆ ಬಂದಿದ್ದರು. ಅವರ ರಕ್ತದೊತ್ತಡದ ಕಾರಣದಿಂದ ವೈದ್ಯರು ಒಪ್ಪಲಿಲ್ಲ. ಆರು ವರ್ಷ ಅವರು ಆರೈಕೆ ಮಾಡಿದರು. ಅವರ ಮೊಣಕಾಲಿನ ನೋವಿನ ಕುರಿತು ನಾವು ಮೊದಲ ಬಾರಿಗೆ ಕೇಳಿದ್ದು ತಂದೆಯವರ ಮರಣಾನಂತರ.

ಪರಲೋಕದಲ್ಲಿ ಅಲ್ಲಾಹನು ಮನುಷ್ಯನೊಡನೆ, ನಾನು ಕಾಯಿಲೆ ಬಿದ್ದಿದ್ದಾಗ ನೀನು ಭೇಟಿಯಾಗಲಿಲ್ಲವೇಕೆ ಎಂದು ಕೇಳುವನೆಂದು ಮುಸ್ಲಿಮ್‌ನ ಹದೀಸ್‌ನಲ್ಲಿದೆ. ಸರ್ವಲೋಕಗಳ ಪ್ರಭುವಾದ ನಿನ್ನನ್ನು ಹೇಗೆ ಭೇಟಿಯಾಗಲಿ ಎಂದು ಅವನು ಚಕಿತನಾದಾಗ, ಇಂಥ ದಾಸನು ಕಾಯಿಲೆ ಬಿದ್ದಿದ್ದ, ಅವನನ್ನು ಭೇಟಿಯಾಗಿದ್ದರೆ ನನ್ನನ್ನು ಅವನ ಬಳಿ ಕಾಣುತ್ತಿದ್ದೆ ಎಂಬ ಉತ್ತರ ಬರುತ್ತದೆ. ರೋಗಿಯ ಬಳಿ ಹೋಗಿ ಏನು ಹೇಳಬೇಕೆಂದು ಆ ಹದೀಸ್‌ನಲ್ಲಿ ಇಲ್ಲ. ಎರಡನೆಯ ವರ್ಷದಿಂದ ನಾವು ಹೇಳುವುದನ್ನು ನಿಲ್ಲಿಸಿದೆವು. ಪಕ್ಕದಲ್ಲಿ ಕುಳಿತೆವು. ಪತ್ರಿಕೆ ಓದಿ ಹೇಳಿದೆವು. ಅವರ ಎದುರಿನಲ್ಲಿ ನೀರು ಕುಡಿಯುವುದನ್ನು ಬಿಟ್ಟೆವು.

ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ತೋಳಿನ ಮೇಲೆ ಕೈಯಿಟ್ಟರೆ ಒಳಗೆ ಸಣ್ಣ ಕಂಪನ ತಿಳಿಯುತ್ತದೆ. ಅದು ನಿಂತರೆ ಅಪಾಯ. ಆದ್ದರಿಂದ ಪ್ರತಿದಿನ ಪರೀಕ್ಷಿಸಬೇಕೆಂದು ದಾದಿಯರು ಕಲಿಸಿದ್ದರು. ಇಶಾ ಬಳಿಕ ತಂದೆಯವರು ನಮ್ಮ ಅಂಗೈಯನ್ನು ಹಿಡಿದು ಎಡತೋಳಿನ ಮೇಲಿಟ್ಟುಕೊಳ್ಳುತ್ತಿದ್ದರು. "ಇದೆಯಾ?" ಎನ್ನುತ್ತಿದ್ದರು. "ಇದೆ" ಎಂದರೆ "ಅಲ್‌ಹಮ್ದುಲಿಲ್ಲಾಹ್" ಎಂದು ಹೇಳಿ ಮಲಗುತ್ತಿದ್ದರು. ನಾವು ಮದ್ರಸಾದಲ್ಲಿ ಏಳು ವರ್ಷ ಓದಿದ್ದೆವು, ಆ ಪದವನ್ನು ಅಷ್ಟು ನಿರ್ದಿಷ್ಟವಾದ ಅರ್ಥದಲ್ಲಿ ಬಳಸಿದ್ದನ್ನು ಕೇಳಿರಲಿಲ್ಲ.

ಅಸ್ರ್‌ಗೆ ಹೊತ್ತಾಗುತ್ತಾ ಬಂದಿದೆ, ಮಾತು ನಿಲ್ಲಿಸಬೇಕು. ಹೊರಗೆ ಬಾಗಿಲ ಬಳಿ ಒಂದು ಪುಸ್ತಕವನ್ನಿಟ್ಟಿದ್ದೇವೆ. ನಮ್ಮ ಮೊಹಲ್ಲಾದಿಂದ ಈಗ ಮೂವರು ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ, ಅವರಲ್ಲಿ ಒಬ್ಬರು ಮಹಿಳೆ. ಅವರ ಸರದಿ ಬೆಳಗ್ಗೆ ಆರು ಗಂಟೆಗೆ. ಆ ಹೊತ್ತಿಗೆ ಬಸ್ಸಿಲ್ಲ, ರಿಕ್ಷಾದ ಬಾಡಿಗೆ ಹೋಗಿಬರಲು ದುಬಾರಿ. ಮರಳುವಾಗ ತಲೆ ಸುತ್ತುತ್ತದೆ, ಒಬ್ಬರೇ ಬರಲಾಗದು. ವಾರದಲ್ಲಿ ಒಂದು ದಿನ ಗಾಡಿ ಕೊಡಬಲ್ಲವರು, ಗಾಡಿಯಿಲ್ಲದಿದ್ದರೆ ಜೊತೆಗೆ ಹೋಗಿ ಕುಳಿತುಕೊಳ್ಳಬಲ್ಲವರು ಹೆಸರು ಮತ್ತು ದಿನವನ್ನು ಬರೆಯಿರಿ. ಆ ಮಹಿಳೆಯ ಜೊತೆಗೆ ಹೋಗಲು ಸಹೋದರಿಯರ ಹೆಸರುಗಳು ಬೇಕು. ಸೋಮವಾರಕ್ಕೆ ಈಗಾಗಲೇ ಒಬ್ಬರಿದ್ದಾರೆ. ಬುಧವಾರ ಮತ್ತು ಶುಕ್ರವಾರ ಖಾಲಿಯಿವೆ.